ಬುಡವಿಲ್ಲದ ಮಹಾ ಆಲ

ಕೋಲ್ಕತ್ತದ ಎದುರು ದಂಡೆ ಶಿಬ್ಪುರದ ಸಸ್ಯೋದ್ಯಾನಕ್ಕೆ ಹೋದ ನಮ್ಮವರೆಲ್ಲ ಅಲ್ಲಿನ ಮಹಾ ಆಲದ ನೆರಳಿನಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ: "ಇದರ ಬುಡ ಎಲ್ಲಿ?" ಬುಡವಿಲ್ಲ. 1925ರಲ್ಲೇ ಅದನ್ನು ಕಡಿದು ತೆಗೆದರು. ಮರ ಮಾತ್ರ ಮೂರು ಸಾವಿರಕ್ಕೂ ಮಿಕ್ಕ ಬಿಳಲುಗಳ ಮೇಲೆ ನಿಂತಿದೆ.

ಈ ಉದ್ಯಾನವನ್ನು 1787ರಲ್ಲಿ ಕಂಪನಿ ಸರಕಾರದ ಸೇನಾಧಿಕಾರಿ ರಾಬರ್ಟ್ ಕಿಡ್ ಸ್ಥಾಪಿಸಿದನು. ಆಲವು ಅದಕ್ಕೂ ಹಿಂದಿನದೆಂದೂ, ಈಚಲು ಮರವೊಂದರ ತಲೆಯ ಮೇಲೆ ಮೊಳೆತದ್ದೆಂದೂ ಪ್ರತೀತಿ. 1864 ಮತ್ತು 1867ರ ಚಂಡಮಾರುತಗಳಲ್ಲಿ ಅದರ ದೊಡ್ಡ ಕೊಂಬೆಗಳು ಮುರಿದವು. ಆ ಗಾಯಗಳಿಂದ ಶಿಲೀಂಧ್ರ ಹೊಕ್ಕಿತೆಂದು ಕೆಲವರು, ಸಿಡಿಲು ಬಡಿದು ಕಾಂಡ ಕೆಟ್ಟಿತೆಂದು ಮತ್ತೆ ಕೆಲವರು ಹೇಳುತ್ತಾರೆ. ನನಗೆ ಈ ವಾದ ದೊಡ್ಡದಾಗಿ ತೋರುವುದಿಲ್ಲ. ಮುರಿದ ಕೊಂಬೆಯಾಗಲಿ ಸಿಡಿಲಿನ ಸೀಳಾಗಲಿ, ಅಣಬೆಗೆ ಎರಡೂ ತೆರೆದ ಬಾಗಿಲೇ.

ಸಿಡಿಲು ಬಡಿದಾಗ ಮರದೊಳಗಿನ ರಸ ಕ್ಷಣಮಾತ್ರದಲ್ಲಿ ಆವಿಯಾಗಿ ಉಬ್ಬುತ್ತದೆ, ತೊಗಟೆ ಪಟ್ಟಿಪಟ್ಟಿಯಾಗಿ ಸಿಡಿಯುತ್ತದೆ. ಗಾಯ ಒಂದೇ ಪಕ್ಕದಲ್ಲಿದ್ದರೆ ಬದುಕುವ ಆಸೆಯುಂಟು. ಸುತ್ತಲೂ ತೊಗಟೆ ಕಳಚಿದ್ದರೆ ಕಷ್ಟ. ಬೇರಿಗೆ ತಗಲಿದ ಪೆಟ್ಟಂತೂ ಕಣ್ಣಿಗೆ ಕಾಣುವುದೇ ಇಲ್ಲ. ಆದ್ದರಿಂದಲೇ ಬಲ್ಲವರು ದಾರಿಯ ಮೇಲೆ ತೂಗಾಡುವ ಮುರುಕು ಕೊಂಬೆಗಳನ್ನು ಮಾತ್ರ ಕೂಡಲೇ ಇಳಿಸಿ, ಬೇಸಗೆಯಲ್ಲಿ ನೀರುಣಿಸುತ್ತ, ಮುಂದಿನ ಚಿಗುರಿನವರೆಗೆ ಕಾಯುತ್ತಾರೆ. ತೆಂಗಿಗೆ ಈ ಭಾಗ್ಯವಿಲ್ಲ. ಅದಕ್ಕಿರುವುದು ಒಂದೇ ಸುಳಿ. ಅದು ಬೆಂದರೆ ಮುಗಿಯಿತು.

ಶಿಬ್ಪುರದಲ್ಲಿ ಕಾಯುವ ಕಾಲ ಮೀರಿತ್ತು. ಸುತ್ತಳತೆಯಲ್ಲಿ ಹದಿನೈದೂವರೆ ಮೀಟರಿಗೂ ಹೆಚ್ಚಿದ್ದ ತಾಯಿಕಾಂಡ ಕೊಳೆಯುತ್ತಿತ್ತು. ಉಳಿಸಿಕೊಂಡರೆ ರೋಗ ಉಳಿದ ಭಾಗಕ್ಕೂ ಹರಡುವ ಭಯ. ಕಡಿದರೆ? ಮಾವೋ ಹುಣಸೆಯೋ ಆಗಿದ್ದರೆ ಅದೇ ಮರಣದಂಡನೆ. ಆಲದ ಬಿಳಲು ನೆಲ ಮುಟ್ಟಿ ಬೇರೂರಿದ ಮೇಲೆ ತಾನೇ ಕಾಂಡವಾಗುತ್ತದೆ, ಸ್ವಂತ ಅನ್ನ ಸಂಪಾದಿಸುತ್ತದೆ. ಇದನ್ನು ನಂಬಿ ನಡುವನ್ನೇ ತೆಗೆದುಹಾಕಿದವರ ಎದೆಗಾರಿಕೆ ಸಣ್ಣದಲ್ಲ.

ನಮ್ಮವರು ನೆಲೆಸಿರುವ ಊರುಗಳ ಆಲಗಳಿಗೂ ಇಂಥ ಕಥೆಗಳುಂಟು. ಚೆನ್ನೈಯ ಅಡಯಾರಿನಲ್ಲಿ, ಥಿಯೊಸಾಫಿಕಲ್ ಸೊಸೈಟಿಯ ಆಲದ ಮೂಲಕಾಂಡ 1989ರ ಗಾಳಿಗೆ ಉರುಳಿತು. ಬೆಂಗಳೂರಿನ ಬಳಿ ಕೇತೋಹಳ್ಳಿಯ ದೊಡ್ಡಾಲದ ಮರ ತನ್ನ ಮೂಲಕಾಂಡವನ್ನು ರೋಗಕ್ಕೆ ಕಳೆದುಕೊಂಡಿತು. ಹೈದರಾಬಾದಿನಿಂದ ಮಹಬೂಬನಗರಕ್ಕೆ ಹೋಗಿ ಪಿಲ್ಲಲಮರ್ರಿ ನೋಡಿಬಂದವರು ನಮ್ಮಲ್ಲಿ ಇದ್ದೇ ಇದ್ದಾರೆ. ಗೆದ್ದಲು ಹತ್ತಿದ ಆ ಮರದ ಕೊಂಬೆಯೊಂದು 2017ರಲ್ಲಿ ಮುರಿದುಬಿದ್ದಿತು. 2018ರಲ್ಲಿ ಆಸ್ಪತ್ರೆಯ ರೋಗಿಗೆ ಕಟ್ಟುವಂತೆ ಸಾಲುಸಾಲು ಸಲೈನ್ ಬಾಟಲಿ ಕಟ್ಟಿ, ತಿಳಿಮಾಡಿದ ಕೀಟನಾಶಕವನ್ನು ಹನಿಹನಿಯಾಗಿ ಇಳಿಸಿದರು!

ಶಿಬ್ಪುರದ ಆಲಕ್ಕೆ 2020ರ ಮೇ ತಿಂಗಳ ಅಂಫಾನ್ ಚಂಡಮಾರುತ ಮತ್ತೆ ಪೆಟ್ಟು ಕೊಟ್ಟಿತು, ಕೆಲವು ಬಿಳಲುಗಳು ಹೋದವು. ಮರದ ಸುತ್ತ 330 ಮೀಟರಿನ ರಸ್ತೆಯೊಂದನ್ನು ಹಿಂದೆಯೇ ಹಾಕಿದ್ದರು. ಮರ ಆ ರಸ್ತೆಯನ್ನೂ ದಾಟಿ ಆಚೆ ಬೆಳೆದಿದೆ.