ಎರಡು ದೇಶಗಳ ದಿಮ್ಮಿ ಲೆಕ್ಕ

1973ರಲ್ಲಿ ಜಪಾನ್ ಹೊರಗಿನಿಂದ 5 ಕೋಟಿ ಘನ ಮೀಟರಿಗೂ ಹೆಚ್ಚು ಮರದ ದಿಮ್ಮಿ ತರಿಸಿಕೊಂಡಿತು. ಅಲ್ಲಿಗೆ ಅದರ ಏರಿಕೆ ಮುಗಿಯಿತು. 2014ರಲ್ಲಿ ಚೀನಾ ಅದೇ 5 ಕೋಟಿಯ ಗಡಿ ದಾಟುವ ಹೊತ್ತಿಗೆ ಜಪಾನಿನ ಆಮದು ಹತ್ತನೇ ಒಂದು ಪಾಲಿಗಿಂತ ಕೆಳಗಿಳಿದಿತ್ತು.

ಜಪಾನಿನ ನೆಲದಲ್ಲಿ ಮೂರನೇ ಎರಡು ಭಾಗ ಕಾಡೇ. ಆದರೆ ಯುದ್ಧಕಾಲದಲ್ಲೂ ಆಮೇಲಿನ ಮನೆ ಕಟ್ಟುವ ಧಾವಂತದಲ್ಲೂ ಗುಡ್ಡಗಳು ಬೋಳಾದವು. ಅಲ್ಲಿ ನೆಟ್ಟ ಸುಗಿ, ಹಿನೋಕಿ ಸಸಿಗಳು ಕಡಿತಕ್ಕೆ ಬರಲು ನಲವತ್ತು, ಐವತ್ತು ವರ್ಷ ಬೇಕು. ಊರುಗಳು ಅಷ್ಟು ಕಾಯುವಂತಿರಲಿಲ್ಲ. 1960ರ ದಶಕದ ಮೊದಲಲ್ಲೇ ಆಮದಿನ ಕಟ್ಟುಪಾಡು ಸಡಿಲವಾಯಿತು. ದಶಕ ಮುಗಿಯುವುದರೊಳಗೆ ಬಳಕೆಯ ಅರ್ಧಕ್ಕಿಂತ ಹೆಚ್ಚು ಮರ ಪರದೇಶದ್ದಾಯಿತು.

ಅದರಲ್ಲಿ ದೊಡ್ಡ ಪಾಲು ಆಗ್ನೇಯ ಏಷ್ಯಾದ ಲೌವಾನ್ ಎಂಬ ಮಳೆಕಾಡಿನ ಮರ. ದುಂಡನೆಯ ದಿಮ್ಮಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತ, ಸುರುಳಿ ಬಿಚ್ಚಿದಂತೆ ತೆಳ್ಳಗೆ ಸುಲಿದು, ಹಾಳೆಗಳನ್ನು ಅಂಟಿಸಿ ಪ್ಲೈವುಡ್ ಮಾಡುತ್ತಿದ್ದರು. ಅದೆಷ್ಟೋ ಹಲಗೆಗಳು ಕಾಂಕ್ರೀಟಿನ ಸೆಂಟ್ರಿಂಗ್‌ಗೆ ಹೋಗಿ, ಕೆಲವೇ ಸಲ ಬಳಕೆಯಾಗಿ ಕಸ ಸೇರಿದವು. ನೂರಾರು ವರ್ಷ ಬೆಳೆದ ಮಳೆಕಾಡಿನ ಮರಕ್ಕೆ ಇದಕ್ಕಿಂತ ನಿಕೃಷ್ಟವಾದ ಬಳಕೆ ಇನ್ನೊಂದಿಲ್ಲ. ಈ ದಿಮ್ಮಿಗಳನ್ನು ಬಂದರಿನ ನೀರಿನಲ್ಲಿ ತೇಲಿಬಿಟ್ಟು ಇಡುತ್ತಿದ್ದರು. 1959ರ ಇಸೆ ಕೊಲ್ಲಿಯ ಚಂಡಮಾರುತದಲ್ಲಿ ಸಮುದ್ರ ಉಕ್ಕಿ, ನಗೋಯಾದ ದಿಮ್ಮಿಗಳು ರಾತ್ರಿಯ ಕತ್ತಲಲ್ಲಿ ಮನೆಗಳ ಮೇಲೆ ನುಗ್ಗಿದವು. ಆ ಚಂಡಮಾರುತಕ್ಕೆ ಬಲಿಯಾದವರು ಸುಮಾರು 5,000 ಮಂದಿ.

ಲೌವಾನ್ ಬಂದದ್ದು ಮೊದಲು ಫಿಲಿಪ್ಪೀನ್ಸ್‌ನಿಂದ, ಆಮೇಲೆ ಇಂಡೋನೇಷ್ಯಾ, ಮಲೇಷ್ಯಾದ ಸಬಾ, ಸರವಾಕ್‌ಗಳಿಂದ. ಒಂದು ಕಡೆ ಕಾಡು ತೆಳುವಾದಂತೆ ಹಡಗುಗಳು ಮುಂದಿನ ಕರಾವಳಿಗೆ ತಿರುಗಿದವು. 1985ರಲ್ಲಿ ಇಂಡೋನೇಷ್ಯಾ ದಿಮ್ಮಿ ರಫ್ತನ್ನೇ ನಿಲ್ಲಿಸಿ, ಪ್ಲೈವುಡ್ಡನ್ನು ತಾನೇ ತಯಾರಿಸಿ ಮಾರತೊಡಗಿತು. ಜಪಾನಿಗೆ ಬರುವ ದಿಮ್ಮಿ ಇಳಿದದ್ದಕ್ಕೆ ಇದೂ ಒಂದು ಕಾರಣ.

ಚೀನಾದ ಕಥೆಗೆ ಮೊದಲಾದದ್ದು ಪ್ರವಾಹ. 1998ರ ಬೇಸಿಗೆಯಲ್ಲಿ ಯಾಂಗ್ತ್ಸೆ ನದಿ ಉಕ್ಕಿ ಸಾವಿರಾರು ಜನ ಸತ್ತರು. ಮೇಲ್ದಂಡೆಯ ಕಾಡು ಕಡಿದದ್ದೂ ಕಾರಣವೆಂದು ಸರ್ಕಾರ ಸಹಜಾರಣ್ಯಗಳ ಕಡಿತಕ್ಕೆ ತಡೆ ಹಾಕಿತು. ಮರುವರ್ಷ ದಿಮ್ಮಿಯ ಆಮದು ಸುಂಕವನ್ನು ತೆಗೆದುಹಾಕಿತು. 1998ರಲ್ಲಿ 50 ಲಕ್ಷ ಘನ ಮೀಟರಿನ ಆಸುಪಾಸಿನಲ್ಲಿದ್ದ ಆಮದು ಒಂದೇ ವರ್ಷದಲ್ಲಿ ಇಮ್ಮಡಿಯಾಯಿತು. 2007ರಲ್ಲಿ ಸುಮಾರು 3.7 ಕೋಟಿ, 2021ರಲ್ಲಿ 6 ಕೋಟಿಗೂ ಮೇಲೆ. ಆರಂಭದಲ್ಲಿ ಹೆಚ್ಚಿನದು ರಷ್ಯಾದ್ದು. ಗಡಿಯಲ್ಲಿ ಹಳಿಯ ಅಗಲ ಬೇರೆಯಾದ್ದರಿಂದ ಮಾಂಜೌಲಿಯಂಥ ಪಟ್ಟಣಗಳಲ್ಲಿ ದಿಮ್ಮಿಗಳನ್ನು ಒಂದು ರೈಲಿನಿಂದ ಇನ್ನೊಂದಕ್ಕೆ ಎತ್ತಿಹಾಕಬೇಕಿತ್ತು. ರಷ್ಯಾ ರಫ್ತು ಸುಂಕ ಏರಿಸಿದ ಮೇಲೆ ನ್ಯೂಜಿಲೆಂಡಿನ ತೋಪುಗಳ ಪೈನ್ ಮುಂದೆ ಬಂತು. 2022ರ ಹೊತ್ತಿಗೆ ಮನೆ ಕಟ್ಟುವ ಉದ್ಯಮ ಸೊರಗಿ ಆಮದು ಇಳಿಯಿತು.

ಬರಿಯ ಮೊತ್ತ ಹೋಲಿಸಿದರೆ ದಾರಿ ತಪ್ಪುತ್ತದೆ. 1973ರ ಜಪಾನಿನಲ್ಲಿ ತಲೆಗೆ ಸುಮಾರು ಅರ್ಧ ಘನ ಮೀಟರ್ ದಿಮ್ಮಿ ಬಂದಿತ್ತು. 2014ರ ಚೀನಾದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಅದರಲ್ಲೂ ಎಷ್ಟೋ ಮರ ಕುರ್ಚಿ, ಮೇಜುಗಳಾಗಿ ಬೇರೆ ದೇಶಗಳಿಗೆ ಹೋಯಿತು.

ಜಪಾನಿನಲ್ಲಿ ಯುದ್ಧಾನಂತರ ನೆಟ್ಟ ಸುಗಿ ಮರಗಳು ಈಗ ಬಲಿತಿವೆ. ಕಾಗೋಷಿಮಾದ ಶಿಬುಶಿ ಬಂದರಿನಿಂದ ಅವುಗಳ ದಿಮ್ಮಿಗಳು ಹಡಗೇರಿ ಚೀನಾಕ್ಕೆ ಹೋಗುತ್ತಿವೆ.