ಗಾಬ್ಲಿನ್ ಮರಳುಗಾಡು ಸೇರಿದ ಮೇಲೆ

ಸಾಧು ಗಾಬ್ಲಿನ್ ಎಂದರೆ ಸಸ್ಯಾಹಾರಿ ಹುಲಿ ಎಂದಂತೆ ಕೇಳಿಸುತ್ತದೆ; ಇಂಗ್ಲಿಷ್ ಕಥೆಗಳ ಗಾಬ್ಲಿನ್ ಕುಳ್ಳಗಿನ ದುಷ್ಟ ಜೀವಿ ತಾನೇ. ಆದರೂ ಫ್ಯಾಂಟಸಿ ಆಟ ಆಡುವವರು ತಮ್ಮ ಪಾಡಿಗೆ ಕಟ್ಟಿಕೊಳ್ಳುವ ಲೋಕಗಳಲ್ಲಿ ಈಗೀಗ ಅಂಥದ್ದೊಂದು ಕುಲ ಕಾಣಿಸಿಕೊಳ್ಳುತ್ತಿದೆ. ಮರಳುಗಾಡಿನಲ್ಲಿ ಬಿಲ ತೋಡಿಕೊಂಡು, ಮೇಕೆ ಮೇಯಿಸಿಕೊಂಡು, ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಊರು ಹೆಸರು ವಿಚಾರಿಸುವ ಗಾಬ್ಲಿನ್‌ಗಳು!

ಹಳೆಯ ಆಟಗಾರರು ಇದಕ್ಕೆ ಮೂಗು ಮುರಿದರೆ ತಪ್ಪೇನಿಲ್ಲ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದವರು 1977ರಲ್ಲಿ ತಂದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಪುಸ್ತಕದಲ್ಲಿ ಪ್ರತಿ ಜೀವಿಯ ಸ್ವಭಾವವನ್ನೂ ಒಂದೆರಡು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಗಾಬ್ಲಿನ್ ಪಾಲಿಗೆ ಬಂದದ್ದು ‘ಶಿಸ್ತಿನ ದುಷ್ಟ’ ಎಂಬ ಅರ್ಥದ ಬಿರುದು. ಬಿಸಿಲು ಅದಕ್ಕೆ ಆಗಿಬರುವುದಿಲ್ಲ, ಹಗಲು ಬೆಳಕಿನಲ್ಲಿ ಅದರ ಏಟು ಗುರಿ ತಪ್ಪುತ್ತದೆ ಎಂದೂ ನಿಯಮವಿತ್ತು. ಇಂಥ ಪ್ರಾಣಿಯನ್ನು ಮರಳುಗಾಡಿಗೆ ಕಳಿಸುವುದೆಂದರೆ ಗಡೀಪಾರು ಮಾಡಿದಂತೆಯೇ ಸರಿ.

ಪದದ ಜಾತಕ ತೆಗೆದು ನೋಡಿದರೆ ಬೇರೆಯೇ ಕಥೆ. ನಾರ್ಮಂಡಿಯ ಮಠವೊಂದರಲ್ಲಿ ಕೂತು 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಚರಿತ್ರೆ ಬರೆದ ಸನ್ಯಾಸಿ ಆರ್ಡೆರಿಕ್ ವಿಟಾಲಿಸ್. ಸಂತ ಟೌರಿನಸ್ ಡಯಾನಾ ದೇವಿಯ ಗುಡಿಯಿಂದ ಹೊರದಬ್ಬಿದ ಪಿಶಾಚಿಯೊಂದು ಎವ್ರ ಪಟ್ಟಣದಲ್ಲಿ ಇನ್ನೂ ಬಗೆಬಗೆಯ ವೇಷದಲ್ಲಿ ಸುಳಿಯುತ್ತಿದೆ, ಜನ ಅದನ್ನು ‘ಗೊಬೆಲಿನಸ್’ ಎನ್ನುತ್ತಾರೆ, ಆದರೆ ಸಂತನ ಮಹಿಮೆಯಿಂದ ಅದು ಯಾರ ಕೂದಲೂ ಕೊಂಕಿಸಲಾರದು ಎಂದು ಆತ ಬರೆದಿಟ್ಟ. ಈ ಪದದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು. ಅಂದರೆ ಕಾಗದದ ಮೇಲೆ ನಮಗೆ ಸಿಗುವ ಮೊದಮೊದಲ ಗಾಬ್ಲಿನ್ ನಿರುಪದ್ರವಿ. ಅದು ಒಬ್ಬಂಟಿ ಕೂಡ. ಶಾಲೆಯ ವ್ಯಾಕರಣದ ಮೇಷ್ಟ್ರು ಇಂಥ ಹೆಸರನ್ನು ಅಂಕಿತನಾಮ ಎನ್ನುತ್ತಿದ್ದರು.

ರೂಢನಾಮ ಆದದ್ದು ಆಮೇಲೆ. ಒಂದು ಊರಿನ ಪಿಶಾಚಿ ಊರೂರಿನ ಪಿಶಾಚಿಗಳಾಗಿ ಇಂಗ್ಲಿಷಿಗೆ ದಾಟಿತು. ಅದಕ್ಕೊಂದು ಸಮಾಜ, ಒಂದು ಇತಿಹಾಸ ಕೊಟ್ಟವರು ಸ್ಕಾಟ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್. 1872ರ ‘ದಿ ಪ್ರಿನ್ಸೆಸ್ ಅಂಡ್ ದಿ ಗಾಬ್ಲಿನ್’ ಕಾದಂಬರಿಯಲ್ಲಿ ಅವರು ಹೇಳುವ ಐತಿಹ್ಯ ಮಜವಾಗಿದೆ: ಗಾಬ್ಲಿನ್‌ಗಳೂ ಒಂದು ಕಾಲಕ್ಕೆ ನೆಲದ ಮೇಲೆ ಎಲ್ಲರಂತೆ ಬಾಳಿದ್ದ ಜನ; ಅರಸ ಕಂದಾಯ ಏರಿಸಿದನೋ, ಬೇಡದ ಕಟ್ಟಳೆ ಹೇರಿದನೋ, ಅಂತೂ ರೋಸಿಹೋಗಿ ನೆಲದಡಿ ಸೇರಿಕೊಂಡರು. ದೆವ್ವಕ್ಕೆ ತೆರಿಗೆಯ ತಕರಾರು! ಈ ಕಾದಂಬರಿಯಿಂದ ಕಲಿತ ಟೋಲ್ಕಿನ್ 1937ರ ‘ದಿ ಹಾಬಿಟ್’ನಲ್ಲಿ ಆ ಜನವನ್ನೇ ಕ್ರೂರ ದಂಡನ್ನಾಗಿ ಮಾಡಿದರು. ಆಟದ ಪುಸ್ತಕ ನಕಲು ಹೊಡೆದದ್ದು ಈ ದಂಡನ್ನು.

ಮರಳುಗಾಡಿನ ಗಾಬ್ಲಿನ್ ನನಗೆ ಇಷ್ಟವಾಗುವುದು ಕ್ರೌರ್ಯ ಹೀಗೆ ಆಮೇಲೆ ಅಂಟಿದ್ದು ಎಂಬ ಕಾರಣಕ್ಕೆ. ಅದನ್ನು ಒಳ್ಳೆಯದಾಗಿಸಲು ಯಾರೂ ಅದರ ಗುಣ ತಿದ್ದಬೇಕಿಲ್ಲ, ಜಾಗ ಬದಲಿಸಿದರೆ ಸಾಕು. ಅದರ ಮೇಲಿನ ಆರೋಪಪಟ್ಟಿಯಲ್ಲಿ ಇರುವುದೇನು? ನೆಲದಡಿ ವಾಸ, ರಾತ್ರಿ ಸಂಚಾರ, ಕುಳ್ಳು ದೇಹ, ಮೊರದಗಲ ಕಿವಿ, ಬಿದ್ದದ್ದನ್ನೆಲ್ಲ ಹೆಕ್ಕುವ ಚಟ. ಮರಳುಗಾಡಿನಲ್ಲಿ ಇವೇ ಬದುಕುವ ದಾರಿ. ಟ್ಯುನೀಶಿಯಾದ ಮತ್ಮಾತಾದಲ್ಲಿ ಬರ್ಬರ್ ಜನ ನೆಲದಲ್ಲಿ ದೊಡ್ಡ ಗುಂಡಿ ತೋಡಿ, ಅದನ್ನೇ ಅಂಗಳ ಮಾಡಿಕೊಂಡು, ಅದರ ಗೋಡೆಗಳೊಳಗೆ ಕೋಣೆ ಕೊರೆದುಕೊಂಡು ಬಾಳಿದ್ದಾರೆ. ಮೇಲೆ ಬೆಂಕಿ ಬಿಸಿಲಿದ್ದರೂ ಒಳಗೆ ತಂಪು. ಸಹಾರಾದ ಫೆನೆಕ್ ನರಿಗೆ ಮೈಯ ಕಾವು ಹೊರಹಾಕಲು ತನ್ನ ದೊಡ್ಡ ಕಿವಿಗಳೇ ಆಸರೆ, ಅದು ಬೇಟೆಗೆ ಹೊರಡುವುದೂ ರಾತ್ರಿಯೇ. ಇನ್ನು ಹೆಕ್ಕುವ ಚಟ. 1977ರ ‘ಸ್ಟಾರ್ ವಾರ್ಸ್’ ಸಿನಿಮಾದ ಮರಳುಗಾಡಿನಲ್ಲಿ ಮುಸುಕು ಹಾಕಿಕೊಂಡು ಬರುವ ಜಾವಾಗಳು ಗಾಬ್ಲಿನ್ ಎಂಬ ಹೆಸರಿಲ್ಲದ ಗಾಬ್ಲಿನ್‌ಗಳೇ, ಅಪ್ಪಟ ಗುಜರಿ ವ್ಯಾಪಾರಿಗಳು. ಏನೂ ಬೆಳೆಯದ ನಾಡಿನಲ್ಲಿ ಗುಜರಿಯೇ ಸುಗ್ಗಿ.

ಮರಳುಗಾಡಿನ ಜನ ತಮ್ಮ ದೆವ್ವಗಳಿಗೆ ಹಿಂದೆಯೇ ಕೆಲಸ ಹಚ್ಚಿದ್ದುಂಟು. ಒಮಾನಿನಲ್ಲಿ ಬೆಟ್ಟದ ಬುಡದ ಅಂತರ್ಜಲವನ್ನು ಮೈಲುಗಟ್ಟಲೆ ಸುರಂಗದಲ್ಲಿ ಹರಿಸಿ ತೋಟಕ್ಕೆ ತರುವ ಕಾಲುವೆಗೆ ಫಲಜ್ ಎನ್ನುತ್ತಾರೆ. (ಬೀದರಿನ ನೌಬಾದಿನಲ್ಲಿರುವ ಬಹಮನಿಗಳ ಕಾಲದ ಕರೇಜ್ ಕೂಡ ಇದೇ ವಿದ್ಯೆ.) ಒಮಾನಿನ ಐತಿಹ್ಯದಂತೆ ದಾವೂದನ ಮಗ ಸುಲೈಮಾನ್ ಆ ನಾಡಿನ ಬರಗಾಲ ಕಂಡು ಜಿನ್‌ಗಳಿಗೆ ಅಪ್ಪಣೆ ಕೊಟ್ಟ, ಅವು ಹತ್ತು ದಿನದಲ್ಲಿ ಹತ್ತು ಸಾವಿರ ಫಲಜ್ ತೋಡಿ ಮುಗಿಸಿದವು. ಸುರಂಗದ ಫಲಜ್‌ಗೆ ಇಂದಿಗೂ ದಾವೂದಿ ಎಂದೇ ಹೆಸರು. ನೀರು ಬಂದ ಮೇಲೆ ಹಂಚಿಕೆ ಮಾತ್ರ ಮನುಷ್ಯರದು: ಹಗಲು ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ, ಇಂತಿಷ್ಟು ಹೊತ್ತು ಇಂಥವರ ತೋಟಕ್ಕೆ ಎಂದು ಸರದಿ. ಗಾಬ್ಲಿನ್ ಸಂಸ್ಕೃತಿ ಕಟ್ಟಲು ಹೊರಟವರು ವಿಚಿತ್ರ ಹಬ್ಬಗಳಿಗೂ ಮುಖವಾಡಗಳಿಗೂ ಪುಟ ತುಂಬಿಸುವ ಬದಲು ಇಂಥದ್ದೊಂದು ನೀರಿನ ಸರದಿ ಬರೆದರೆ ಆ ಜನ ಎದ್ದು ಓಡಾಡಲು ಶುರುಮಾಡುತ್ತಾರೆ.

ಅನ್ವರ್ಥನಾಮವೂ ಆಗಿದೆ ಗಾಬ್ಲಿನ್ ಎಂಬ ಪದ, ತೀರಾ ಇತ್ತೀಚೆಗೆ. 2022ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಆರಿಸುವ ಹಕ್ಕನ್ನು ಮೊದಲ ಬಾರಿಗೆ ಜನರ ಕೈಗೆ ಕೊಟ್ಟರು. 93% ಮತ ‘ಗಾಬ್ಲಿನ್ ಮೋಡ್’ಗೆ ಬಿತ್ತು. ತಲೆ ಬಾಚದೆ, ಯಾರ ಮರ್ಜಿಗೂ ಕಾಯದೆ, ಹಾಸಿಗೆಯಲ್ಲೇ ಕುರುಕಲು ತಿನ್ನುತ್ತ ಬಿದ್ದಿರುವ ಸ್ಥಿತಿ ಅದು. ಮರಳುಗಾಡಿನ ಗಾಬ್ಲಿನ್‌ಗೆ ಈ ಸುಖ ದಕ್ಕಲಾರದು. ನೀರಿನ ಸರದಿ ಬರುವುದು ನಡುರಾತ್ರಿಗೋ ಮುಂಜಾವಕ್ಕೋ. ಎದ್ದು ಹೋಗಿ ಮಡೆ ಕಡಿಯದಿದ್ದರೆ ಸರದಿ ಪಕ್ಕದವನಿಗೆ ಹೋಗುತ್ತದೆ, ಬೆಳಗ್ಗೆ ಜಗಳ ಶುರುವಾಗುತ್ತದೆ. ಆಗ ಪಂಚಾಯ್ತಿಗೆ ಒಬ್ಬ ಬೇಕು. ಒಮಾನಿನಲ್ಲಿ ಫಲಜ್ ನೋಡಿಕೊಳ್ಳುವವನನ್ನು ವಕೀಲ್ ಎನ್ನುತ್ತಾರೆ, ನಮ್ಮ ಕೋರ್ಟಿನ ಕರಿಕೋಟಿನವರಿಗೆ ಇರುವ ಅದೇ ಅರಬ್ಬಿ ಪದ. ‘ಶಿಸ್ತಿನ ದುಷ್ಟ’ನಿಗೆ ಆ ಕೆಲಸ ಕೊಟ್ಟು ನೋಡಬಹುದು.