ಶಾಹಿದ್ ಆಜ್ಮಿ: ವಿಚಾರಣೆಯ ನಡುವೆ ನಂದಿದ ದನಿ

2008ರ ನವೆಂಬರ್ 26ರ ದಾಳಿಯಲ್ಲಿ ನಮ್ಮ ಮುಂಬಯಿ 166 ಜೀವಗಳನ್ನು ಕಳೆದುಕೊಂಡಿತು. ಆರ್ಥರ್ ರೋಡ್ ಕಾರಾಗೃಹದ ವಿಶೇಷ ನ್ಯಾಯಾಲಯದಲ್ಲಿ ಕಸಬ್‌ನ ಜೊತೆಗೆ ಫಹೀಮ್ ಅನ್ಸಾರಿ, ಸಬಾಉದ್ದೀನ್ ಅಹ್ಮದ್ ಎಂಬ ಇಬ್ಬರು ಭಾರತೀಯರ ವಿಚಾರಣೆಯೂ ನಡೆಯಿತು.

ಫಹೀಮ್ ಪರ ವಾದಿಸುತ್ತಿದ್ದವರು ಶಾಹಿದ್ ಆಜ್ಮಿ. ಟಾಡಾ ಕಾಯಿದೆಯಡಿ ತಿಹಾರ್ ಸೆರೆಮನೆಯಲ್ಲಿದ್ದಾಗ ಓದು ಮುಂದುವರಿಸಿ, ಬಿಡುಗಡೆಯ ಬಳಿಕ ವಕೀಲರಾದವರು. ಮೊಕದ್ದಮೆ ಮುಗಿಯುವ ಮುನ್ನವೇ, 2010ರ ಫೆಬ್ರವರಿ 11ರಂದು, ಕುರ್ಲಾದ ತಮ್ಮ ಕಚೇರಿಯಲ್ಲಿ ಅವರು ಹಂತಕರ ಗುಂಡಿಗೆ ಬಲಿಯಾದರು. ಆಗ ಅವರಿಗೆ 32 ವರ್ಷ.

ಫಹೀಮ್ ಸಿದ್ಧಪಡಿಸಿದರೆನ್ನಲಾದ ನಕ್ಷೆ ಹತನಾದ ಉಗ್ರ ಅಬು ಇಸ್ಮಾಯಿಲ್‌ನ ಜೇಬಿನಲ್ಲಿ ದೊರೆಯಿತೆಂಬುದು ಆರೋಪ. ಉಡುಪು ರಕ್ತಸಿಕ್ತವಾಗಿದ್ದರೂ ನಕ್ಷೆಯಲ್ಲಿ ಕಲೆಯಾಗಲಿ ಸುಕ್ಕಾಗಲಿ ಇರಲಿಲ್ಲ. ನ್ಯಾಯಾಧೀಶ ಎಂ. ಎಲ್. ತಹಲಿಯಾನಿಯವರು ಆ ಸಾಕ್ಷ್ಯವನ್ನು ನಂಬದೆ, 2010ರ ಮೇ 3ರಂದು ಇಬ್ಬರನ್ನೂ ದೋಷಮುಕ್ತಗೊಳಿಸಿದರು. ಉಚ್ಚ ನ್ಯಾಯಾಲಯ 2011ರಲ್ಲಿ, ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಅದನ್ನೇ ಎತ್ತಿಹಿಡಿದವು. 2013ರಲ್ಲಿ ಹನ್ಸಲ್ ಮೆಹ್ತಾ ಅವರ ‘ಶಾಹಿದ್’ ಚಿತ್ರ ತೆರೆಕಂಡಿತು.

ಆರೋಪಿಯ ಪರ ನಿಂತವರನ್ನು ಆ ದಿನಗಳಲ್ಲಿ ನಾವೂ ಅನುಮಾನದಿಂದಲೇ ಕಂಡಿದ್ದೆವು. ಆದರೆ ಕಸಬ್‌ನನ್ನು ಅಪರಾಧಿಯೆಂದ ತೀರ್ಪೇ ಸಾಕ್ಷ್ಯವಿಲ್ಲದ ಇಬ್ಬರನ್ನು ಬಿಡುಗಡೆ ಮಾಡಿತು. ಆ ತೀರ್ಪಿನ ತೂಕವಿರುವುದೇ ಅಲ್ಲಿ.